ಮೇಷ್ಟ್ರಿಗಾಗದ ಬಣ್ಣ

ಕಾಸ್ತೆಲ್‌ವೇಂತೊ,
ಬೆಟ್ಟದ ಮೇಲಿನ ಹಳೇ ಆಸ್ಪತ್ರೆ,
ಗುರುವಾರ, ೧೦ ಮೇ ೧೯೮೪

ಪ್ರೀತಿಯ ಅರ್ಮಿದಕ್ಕಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೆ, ಇಲ್ಲ ಇನ್ನೂ ಮೆಟ್ಟಿಲು ಹತ್ತುವಾಗ ಸಂತರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದೀಯೋ? ಫೆರಾರಾದ ಮಂಜಿನಲ್ಲಿ ಇದ್ದೂ ಇದ್ದೂ ನಿನ್ನ ಮೂಳೆಗೆ ಬೂಷ್ಟು ಹಿಡಿದಿರಬೇಕು. ಅಮ್ಮ ಮಾಡುತ್ತಿದ್ದಳಲ್ಲ, ಹಾಗೆ ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಮಂಡಿಗೆ ಇಟ್ಟುಕೋ. ರೆಮಿಜೊ ಭಾವನವರ ರಕ್ತದೊತ್ತಡ ಹೇಗಿದೆ? ಅವರಿಗೆ ಉಪ್ಪನ್ನೂ ಸುದ್ದಿಯನ್ನೂ ಕಡಿಮೆ ಬಡಿಸು. ಈ ಪತ್ರವನ್ನಂತೂ ಊಟಕ್ಕೆ ಮುಂಚೆ ತೋರಿಸಲೇಬೇಡ. ನಿನ್ನ ಮಗಳು ಲೊರೆದಾನಾಳ ಮದುವೆ ನಿಶ್ಚಯವಾಯಿತೆಂದು ಓದಿ ನನಗಾದ ಖುಷಿ ಅಷ್ಟಿಷ್ಟಲ್ಲ. ತೊಟ್ಟಿಲಿನಿಂದ ನನ್ನ ಬೆರಳು ಹಿಡಿದು ಬಿಡಲೊಲ್ಲೆ ಎಂದು ಅತ್ತ ಕೂಸು ನೋಟರಿಯ ಮನೆಗೆ ಸೊಸೆಯಾಗಿ ಹೋಗುತ್ತಾಳೆ ಎಂದರೆ!

ನಾನು ಚೆನ್ನಾಗಿದ್ದೇನೆ. ನೀನು ಕಳಿಸಿದ ಚಾಕೊಲೇಟ್ ಕೇಕು ತಲುಪಿತು. ಪಕ್ಕದ ಕೋಣೆಯ ನೀವೆಸ್ ಗೊತ್ತಲ್ಲ, ತಲೆಯೊಳಗೆ ಯಾರು ಯಾರೋ ಮಾತಾಡುತ್ತಾರೆ ಎನ್ನುವವಳು, ಅವಳು ಅರ್ಧ ತಿಂದು ಉಳಿದರ್ಧವನ್ನು “ಅವ್ರಿಗೂ ಬೇಕಂತೆ” ಎಂದು ಎತ್ತಿಟ್ಟುಕೊಂಡಳು. ಅದನ್ನೂ ಅವಳೇ ತಿಂದಳು ಎಂದು ಬೇರೆ ಹೇಳಬೇಕಿಲ್ಲ. ಸರಕಾರ ಕಾನೂನು ಮಾಡಿ ಹುಚ್ಚಾಸ್ಪತ್ರೆಗಳಿಗೆ ಬಾಗಿಲು ಹಾಕಿಸಿದ ಮೇಲೆ ಇಲ್ಲಿ ನಾವು ರೋಗಿಗಳಲ್ಲ, ಅತಿಥಿಗಳು. ಹಾಗೆಂದು ಬಾಗಿಲ ಮೇಲೇ ಬರೆಸಿದ್ದಾರೆ. ಬೀಗಗಳು ಹೋದವು, ಕಿಟಕಿಯ ಸರಳುಗಳು ಹೋದವು, ಸೂಪು ಮಾತ್ರ ಹಿಂದಿನದೇ. ಹೋಗಲು ಮನೆ ಇದ್ದವರು ಹೋದರು, ಉಳಿದವರು ಉಳಿದಿದ್ದೇವೆ. ಇದನ್ನು ನಿನ್ನನ್ನು ಚುಚ್ಚಲು ಬರೆಯುತ್ತಿಲ್ಲ. ಸ್ವಲ್ಪ ಚುಚ್ಚಿದರೆ ಚುಚ್ಚಲಿ ಬಿಡು.

ಇನ್ನು ನೀನು ಕೇಳಿದ ವಿಷಯ. ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯ ಗುರುತಿನಲ್ಲಿ ಹರಿದೇಹೋಯಿತು. ಇಲ್ಲಿನ ನಾವೆಲ್ಲ ಸೇರಿ ಆಡುವ ನಾಟಕ ಜೂನ್ ಎರಡರ ಶನಿವಾರ ಫೆರಾರಾಕ್ಕೆ ಬರುತ್ತದೆ, ಅದೂ ನಿಮ್ಮ ಬೀದಿಯ ಹಿಂದಿನ ರಂಗಮಂದಿರಕ್ಕೇ. ಪೋಸ್ಟರು ಬೀಳುವುದು ಭಾವನವರ ಟೋಪಿ ಅಂಗಡಿಯ ಎದುರುಗೋಡೆಗೆ. ಅದರಲ್ಲಿ ಎಲ್ವಿಯೊ ಬೆರ್ಗಾಮಿನಿ ಎಂದು ಕಂಡರೆ, ನೀನು ಹುಟ್ಟಿದ ಮನೆಯ ಹೆಸರು ಬೆರ್ಗಾಮಿನಿ ಎಂದು ತಿಳಿದವರೆಲ್ಲ ಕೇಳುತ್ತಾರೆ. ಊರಿಗೆಲ್ಲ ನೀನು ತಮ್ಮ ಅರ್ಜೆಂಟೀನಾದಲ್ಲಿದ್ದಾನೆ ಎಂದು ಹೇಳಿಬಿಟ್ಟಿದ್ದೀಯ. ಅಷ್ಟೇ ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತು. ನೀನು ನನಗೆ ದನಗಳನ್ನು ಕೊಟ್ಟೆ, ಹುಲ್ಲುಗಾವಲು ಕೊಟ್ಟೆ, ಕಳೆದ ವರ್ಷ ಒಂದು ಮೀಸೆಯನ್ನೂ ಕೊಟ್ಟೆ. ಈಗ ನೋಟರಿಯ ಹೆಂಡತಿ, ಅರ್ಜೆಂಟೀನಾದ ಸೋದರಮಾವ ಮದುವೆಗೆ ಏನು ಕಳಿಸುತ್ತಾರೆ ಎಂದು ಕೇಳುತ್ತಿದ್ದಾಳಂತೆ. ಏನು ಕಳಿಸಲಿ ಅಕ್ಕಾ, ಒಂದು ಹಸುವನ್ನು ಅಟ್ಟಿ ಕಳಿಸಲೆ? ಅದಕ್ಕೇ ನೀನು ಬರೆದೆ, ಪೋಸ್ಟರಿನಲ್ಲಿ ಬೀದಿಗೆ ಹತ್ತು ಜನಕ್ಕಿರುವ ‘ರೊಸ್ಸಿ’ ಎಂಬ ಹೆಸರು ಹಾಕಿಸು, ಮದುವೆ ಮುಗಿಯುವವರೆಗಾದರೂ, ನನ್ನಾಣೆ ಎಂದು. ಉತ್ತರ ಕೊಡುತ್ತೇನೆ. ಆದರೆ ನನ್ನದೂ ಒಂದು ಸುದ್ದಿ ಇದೆ, ಅದನ್ನು ಮೊದಲು ಕೇಳದಿದ್ದರೆ ಉತ್ತರ ನಿನಗೆ ಹಿಡಿಸುವುದಿಲ್ಲ. ಕೇಳಿದ ಮೇಲೂ ಹಿಡಿಸುತ್ತದೆಂದು ಮಾತು ಕೊಡಲಾರೆ.

ನಮ್ಮ ನಿರ್ದೇಶಕರ ಹೆಸರು ಕೊರಾದೊ ಬೆಲ್‌ಫೋರ್ತೆ. ರೋಮಿನವರು, ನಟರೂ ಹೌದು. ಒಮ್ಮೆ ಟೀವಿಯಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ಬಂದು ಮೊದಲ ಕಂತಿನಲ್ಲೇ ಗುಂಡೇಟು ತಿಂದು ಸತ್ತರು. ಭಾವನವರಿಗೆ ನೆನಪಿದ್ದರೂ ಇರಬಹುದು. ಚಳಿಗಾಲದಲ್ಲಿ ಒಂದು ದಿನ ಕೊರಳಿಗೆ ಮಾರುದ್ದದ ಮಫ್ಲರ್ ಸುತ್ತಿಕೊಂಡು ಬೆಟ್ಟ ಹತ್ತಿ ಬಂದರು. ಬಂದವರೇ ನಮ್ಮನ್ನೆಲ್ಲ ಬಟ್ಟೆ ಒಗೆಯುವ ಹಳೇ ಕೋಣೆಯಲ್ಲಿ ಕೂಡಿಸಿ, ಕೈ ಜೋಡಿಸಿ, “ಮನಸ್ಸಿನ ಕಾಯಿಲೆ ಅಂದ್ರೇನು ಅಂತ ನಾನು ನಾಟಕದಲ್ಲಿ ಹುಡುಕ್ಬೇಕು. ನೀವೇ ನಂಗೆ ದಾರಿ ತೋರಿಸ್ಬೇಕು” ಎಂದರು. ನೀವೆಸ್ ಹೆಣಿಗೆಯ ಕಡ್ಡಿ ಕೆಳಗಿಡದೆಯೇ, “ದಾರಿ ಗೊತ್ತಿದ್ರೆ ನಾವು ಯಾವಾಗ್ಲೋ ಮನೆಗೆ ಹೋಗ್ತಿರ್ಲಿಲ್ವಾ ಮೇಷ್ಟ್ರೇ?” ಎಂದಳು. ಅವತ್ತಿನಿಂದ ಅವರು ಎಲ್ಲರಿಗೂ ಮೇಷ್ಟ್ರು.

ನಾಟಕದಲ್ಲಿ ಹುಚ್ಚನ ಪಾತ್ರ ಮೇಷ್ಟ್ರದೇ. ನಾವು ಡಾಕ್ಟರು, ನರ್ಸು, ಮೇಯರು, ಪಾದ್ರಿ. ನಾನು ದೊಡ್ಡ ಡಾಕ್ಟರು, ಬಿಳಿ ಕೋಟು ಹಾಕಿಕೊಂಡು “ಮುಂದಿನವ್ರು ಬನ್ನಿ!” ಎನ್ನುವುದು ನನ್ನ ಮುಖ್ಯವಾದ ಮಾತು. ಅದನ್ನು ಎಷ್ಟು ಚೆನ್ನಾಗಿ ಹೇಳುತ್ತೇನೆಂದರೆ ಅಡುಗೆಮನೆಯವರು ಒಮ್ಮೆ ನಿಜವಾಗಿಯೂ ಸಾಲು ನಿಂತರು. ಮೇಷ್ಟ್ರು ಮಾತ್ರ ಶುರುವಿನಲ್ಲಿ ತೀರ ಕೆಟ್ಟದಾಗಿ ಮಾಡುತ್ತಿದ್ದರು. ಕತ್ತು ಓರೆ, ಕಣ್ಣು ಮೇಲೆ, ಬಾಯಲ್ಲಿ ಜೊಲ್ಲು, ಒಂದು ಕಾಲು ಎಳೆಯುತ್ತಾ ಗೋಡೆಯಿಂದ ಗೋಡೆಗೆ. ನೀವೆಸ್ ಕನಿಕರದಿಂದ ನೋಡಿ, “ಪಾಪ, ಹಲ್ಲು ನೋಯ್ತಿದ್ಯೇನೋ, ಯಾರಾದ್ರೂ ಲವಂಗ ಕೊಡಿ” ಎಂದಳು. ಮೇಷ್ಟ್ರ ಮುಖ ಸಣ್ಣಗಾಯಿತು. ಕೊನೆಗೆ ನಾನೇ ಹೇಳಿದೆ, “ನಾವ್ಯಾರೂ ಹಂಗೆ ಓಡಾಡ್ಲಿಲ್ಲ ಮೇಷ್ಟ್ರೇ. ನಾವು ಕೂತಿದ್ವಿ. ಸೂಪು ಬರೋದನ್ನ ಕಾಯ್ತಾ ಕೂತಿದ್ವಿ.” ಅವರು ಕುರ್ಚಿ ಎಳೆದುಕೊಂಡು ಕೂರಲು ನೋಡಿದರು. ಆಗಲೇ ಇಲ್ಲ! ಒಂದು ಸಿಗರೇಟು ಸುಡುವಷ್ಟು ಹೊತ್ತೂ ಆ ಮನುಷ್ಯನ ಕೈ ಸುಮ್ಮನಿರದು. ಆದರೂ ಜಿದ್ದಿನವರು, ದಿನಾ ನಮ್ಮ ಜೊತೆ ಬೆಂಚಿನ ಮೇಲೆ ಬಂದು ಕೂತು ಅಭ್ಯಾಸ ಮಾಡಿದರು.

ಅವರ ಲಕ್ಷಣಗಳನ್ನು ಕೇಳು. ವೇದಿಕೆ ಹತ್ತುವಾಗ ಬಾಗಿ ಹಲಗೆಗೆ ಮುತ್ತು ಕೊಡುತ್ತಾರೆ. ಒಳಗೆ ಯಾರಾದರೂ ಸಿಳ್ಳೆ ಹಾಕಿದರೆ ಅವರನ್ನು ಹೊರಗೆ ಕಳಿಸಿ, ಮೂರು ಸುತ್ತು ಸುತ್ತಿಸಿ ಒಳಗೆ ಕರೆಯುತ್ತಾರೆ. ಜೇಬಿನಲ್ಲಿ ಯಾವಾಗಲೂ ಕಬ್ಬಿಣದ ಬೀಗದ ಕೈ, ಮಾತಿಗೊಮ್ಮೆ ಮುಟ್ಟಿಕೊಳ್ಳುವುದು. ಒಳ್ಳೆಯದಾಗಲಿ ಎಂದು ಹರಸಿದರೆ ಕೆಟ್ಟದಾಗುತ್ತದಂತೆ, ಅದಕ್ಕೇ ನಟರು ಒಬ್ಬರಿಗೊಬ್ಬರು “ಲದ್ದಿ! ಲದ್ದಿ!” ಎಂದು ಹರಸಬೇಕು. ಹಿಂದೆ ಸಾರೋಟಿನಲ್ಲಿ ಜನ ನಾಟಕಕ್ಕೆ ಬರುವಾಗ ಬಾಗಿಲಲ್ಲಿ ಕುದುರೆಯ ಲದ್ದಿ ಹೆಚ್ಚಿದ್ದಷ್ಟೂ ಒಳಗೆ ಜನ ಹೆಚ್ಚು ಎಂದು ಲೆಕ್ಕವಂತೆ. ಕನ್ನಡಿಯ ಮುಂದೆ ನಿಂತು ತಮಗೆ ತಾವೇ ಜಗಳವಾಡಿ, ಅತ್ತು, ಮೂಗು ಒರೆಸಿಕೊಂಡು “ಚೆನ್ನಾಗಿ ಬಂತು” ಎನ್ನುತ್ತಾರೆ. ಇದರಲ್ಲಿ ಅರ್ಧವಿದ್ದರೂ ಸಾಕಿತ್ತು ಅಕ್ಕಾ, ಹಿಂದಿನ ಕಾಲದಲ್ಲಿ ನನ್ನ ಪಕ್ಕದ ಮಂಚ ಅವರಿಗೇ. ಆದರೆ ನಟರಾದ್ದರಿಂದ ಅವರಿಗೆ ಚಪ್ಪಾಳೆ.

ಅವರ ಇನ್ನೊಂದು ಪದ್ಧತಿ ನನ್ನ ಪ್ರಾಣ ತಿನ್ನುತ್ತಿತ್ತು. ದಿನಾ ಅಭ್ಯಾಸಕ್ಕೆ ಮುಂಚೆ ಒಬ್ಬೊಬ್ಬರೂ ವೇದಿಕೆಯ ಮುಂದೆ ನಿಂತು ತಮ್ಮ ಹೆಸರು ಕೂಗಬೇಕು. ಪಾತ್ರದ ಹೆಸರಲ್ಲ, ಸ್ವಂತದ್ದು. “ಕೊನೇ ಸಾಲಲ್ಲಿ ಕಿವುಡಜ್ಜಿ ಒಬ್ಳು ಕೂತಿದಾಳೆ, ಅವ್ಳಿಗೆ ಕೇಳ್ಬೇಕು!” ಎಂದು ಹಿಂದಿನಿಂದ ಚಪ್ಪಾಳೆ ತಟ್ಟುತ್ತಾರೆ. ನೀವೆಸ್ ಕೂಗಿದರೆ ಬೆಟ್ಟದ ಕೆಳಗಿನ ನಾಯಿಗಳು ಬೊಗಳುತ್ತವೆ. ನನ್ನ ಹೆಸರು ಮಾತ್ರ ಹಲ್ಲಿನ ಹತ್ತಿರ ಬಂದು ಹಿಂದಕ್ಕೆ ಹೋಗುತ್ತಿತ್ತು. ಎಷ್ಟೋ ವರ್ಷ ಇಲ್ಲಿ ನಾನು ಕಿಟಕಿ ಪಕ್ಕದ ಮಂಚ ಆಗಿದ್ದೆ, ಹೊಲಿಗೆ ಕೋಣೆಯವ ಆಗಿದ್ದೆ, ಗೋಪುರದವ ಆಗಿದ್ದೆ. ಹೆಸರು ಹಿಡಿದು ಕರೆದವರು ಕಡಿಮೆ. ನಿಮ್ಮೂರಿನ ಲೆಕ್ಕದಲ್ಲಂತೂ ಆ ಹೆಸರಿನವನು ಅರ್ಜೆಂಟೀನಾದಲ್ಲಿ ದನ ಮೇಯಿಸುತ್ತಿದ್ದಾನೆ. “ಎಲ್...” ಎನ್ನುವಷ್ಟರಲ್ಲಿ ನಿಲ್ಲಿಸಿಬಿಡುತ್ತಿದ್ದೆ. “ಅಜ್ಜಿ ಎದ್ದು ಮನೆಗೆ ಹೋದ್ಲು, ಎಲ್ವಿಯೊ. ನಾಳೆ ನೋಡೋಣ” ಎನ್ನುತ್ತಿದ್ದರು ಮೇಷ್ಟ್ರು. ಬೈಯುತ್ತಿರಲಿಲ್ಲ, ಅದೊಂದು ಅವರ ಒಳ್ಳೆಯ ಗುಣ.

ಈಗ ಕೇಳು, ಪರದೆಯ ಕತೆ. ನಾಟಕಕ್ಕೆ ಪರದೆ ಬೇಕಾಯಿತು. ಹೊಲಿಯುವವನು ನಾನಿದ್ದೆ, ಬಟ್ಟೆ ಇರಲಿಲ್ಲ. ಕೆಳಗಿನ ಚರ್ಚಿನ ದೊನ್ ಎರ್ಮೆತೆ ಪಾದ್ರಿಗಳು ನಮ್ಮ ಮೇಲೆ ಪ್ರೀತಿ ಇಟ್ಟವರು. ಈಸ್ಟರಿಗೆ ಮುಂಚೆ ತಪಸ್ಸುಕಾಲದಲ್ಲಿ ವಿಗ್ರಹಗಳಿಗೆ ಮುಸುಕು ಹಾಕುತ್ತಾರಲ್ಲ, ಆ ಬಟ್ಟೆ. ಯಾರೋ ವಿಧವೆ ಹೊಸದು ಹೊಲಿಸಿಕೊಟ್ಟಳಂತೆ, ಹಳೆಯದನ್ನು ಪಾದ್ರಿಗಳು ಗಾಡಿಯಲ್ಲಿ ಹೇರಿ ಕಳಿಸಿದರು. ಎಂಥ ಬಟ್ಟೆ ಅಂತೀಯ! ದಪ್ಪ, ಭಾರ, ಒಂದು ತೂತಿಲ್ಲ, ಹಣ್ಣಾದ ನೇರಳೆಯ ಬಣ್ಣ. ಅಂಥ ಬಟ್ಟೆಯನ್ನು ಕೈಯಲ್ಲಿ ಹಿಡಿಯದೆ ಎಷ್ಟು ಕಾಲವಾಗಿತ್ತೋ. ಮೇಷ್ಟ್ರನ್ನು ಅಚ್ಚರಿಪಡಿಸಬೇಕೆಂದು ಯಾರಿಗೂ ಹೇಳದೆ ಹೊಲಿದೆ. ಅಂಚಿಗೆ ಎರಡು ಸುತ್ತು ಹೊಲಿಗೆ, ಕೆಳಗೆ ಸೀಸದ ತೂಕ, ಹಿತ್ತಾಳೆಯ ಬಳೆಗಳು. ನೀವೆಸ್ ಮತ್ತು ನಾನು ಏಣಿ ಹಾಕಿ ನೇತುಹಾಕಿ, ಕೈಕಟ್ಟಿ ಪಕ್ಕದಲ್ಲಿ ನಿಂತೆವು, ಹೊಗಳಿಕೆ ಬರುತ್ತದೆಂದು.

ಮೇಷ್ಟ್ರು ಬಂದರು. ನೋಡಿದರು. ಒಂದು ಕೈ ಜೇಬಿನ ಬೀಗದ ಕೈಗೆ ಹೋಯಿತು. ಇನ್ನೊಂದು ಕೈ, ಅಪಶಕುನ ಕಂಡಾಗ ನಮ್ಮ ಕಡೆಯ ಗಂಡಸರು ಎಲ್ಲಿ ಮುಟ್ಟಿಕೊಳ್ಳುತ್ತಾರೋ ಅಲ್ಲಿಗೆ ಹೋಯಿತು. ಹಾಗೆ ಎರಡೂ ಕೈಗೆ ಕೆಲಸವಿದ್ದುದರಿಂದ ಬಾಗಿಲನ್ನು ಹಣೆಯಿಂದಲೇ ಗುದ್ದಿ ತೆರೆದು ಓಡಿದರು. ಓಡಿ ಎಲ್ಲಿಗೆ ಹೋದರು ಗೊತ್ತೆ? ಹಿಂದೆ ನಮ್ಮನ್ನು ತಣ್ಣೀರಿನಲ್ಲಿ ಮುಳುಗಿಸಿ ಇಡುತ್ತಿದ್ದ ಸ್ನಾನದ ಕೋಣೆಗೆ. ಒಳಗಿನಿಂದ ಅಗಳಿ ಹಾಕಿ, ಖಾಲಿ ತೊಟ್ಟಿಯಲ್ಲಿ ಮಂಡಿ ಮಡಿಸಿ ಕೂತರು. ಕೀಲಿಕಂಡಿಯಲ್ಲಿ ನೋಡಿದೆ, ಮಫ್ಲರನ್ನು ಕಣ್ಣಿಗೆ ಕಟ್ಟಿಕೊಂಡಿದ್ದರು. ನಗು ಬಂತು, ಸುಳ್ಳೇಕೆ ಹೇಳಲಿ. ಆದರೆ ಅವರ ಭುಜ ನಡುಗುತ್ತಿದ್ದುದು ಕಂಡ ಮೇಲೆ ನಗು ನಿಂತಿತು. ಆ ನಡುಕ ನನಗೆ ಗೊತ್ತು.

ನಮ್ಮನ್ನು ನೋಡಿಕೊಳ್ಳುವ ಡಾಕ್ಟರಮ್ಮ ಪೇಟೆಗೆ ಹೋಗಿದ್ದರು. ಪಾದ್ರಿಗಳಿಗೆ ಹೇಳಿಕಳಿಸಿದೆವು. ಅವರು ಏದುಸಿರು ಬಿಡುತ್ತಾ ಬಂದು ಬಾಗಿಲು ತಟ್ಟಿ, “ಮಗೂ, ಅದು ಬರೀ ಬಟ್ಟೆ ಕಣಪ್ಪಾ. ದೇವರ ಮೇಲೆ ಹೊದಿಸಿದ್ದು. ಹೆದರೋದು ಏನಿದೆ ಅದ್ರಲ್ಲಿ?” ಎಂದರು. ಒಳಗಿನಿಂದ ಅಯ್ಯೋ ಎನ್ನುವ ದನಿ ಇನ್ನಷ್ಟು ಜೋರಾಯಿತು. ನೀವೆಸ್ ಪಾದ್ರಿಗಳ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. “ಸ್ವಾಮೀ, ನೀವು ಹೋಗಿ ಕಾಫಿ ಕುಡೀರಿ. ಹೆದರಿಕೆ ಜೊತೆ ವಾದ ಮಾಡ್ಬಾರ್ದು. ಅದಕ್ಕೆ ನಿಮಗಿಂತ ಚೆನ್ನಾಗಿ ಮಾತು ಬರತ್ತೆ.” ಆಮೇಲೆ ಬಾಗಿಲ ಹೊರಗೆ ಎರಡು ಕುರ್ಚಿ ಹಾಕಿ ನಾವಿಬ್ಬರೂ ಕೂತೆವು. ಅವಳು ಹೆಣೆಯುತ್ತಾ, ನಾನು ಸುಮ್ಮನೆ. ಕೂರುವುದರಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ?

ಕೂತಾಗ ನನಗೆ ನಮ್ಮೂರ ಚೌಕ ನೆನಪಾಯಿತು ಅಕ್ಕಾ. ನೀನು ಬಾಣಂತನಕ್ಕೆ ಬಂದಿದ್ದ ವರ್ಷ, ಅಪ್ಪ ಸತ್ತ ಮೇಲೆ, ನಾನು ಕಾರಂಜಿಯ ಕಟ್ಟೆಯ ಮೇಲೆ ಕೂತು ಏಳಲಿಲ್ಲವಲ್ಲ. ನಾನು ಎದ್ದರೆ ಗಂಟೆಗೋಪುರ ಬೀಳುತ್ತದೆ ಎಂದು ನನಗೆ ಖಾತ್ರಿಯಾಗಿತ್ತು. ಊರಿಗೆ ಊರೇ ಬಂದು “ಬೀಳಲ್ಲ ಕಣೋ” ಎಂದಿತು. ಮೇಯರು ಕಲ್ಲಿನ ಲೆಕ್ಕ ಹೇಳಿದ, ಮೇಸ್ತ್ರಿ ಗೋಡೆ ತಟ್ಟಿ ತೋರಿಸಿದ. ಬಿದ್ದರೆ ಯಾರ ಮೇಲೆ ಬೀಳುತ್ತದೆ ಎಂದು ಒಬ್ಬರಾದರೂ ಕೇಳಲಿಲ್ಲ. ನಮ್ಮ ಮನೆಯ ಮೇಲೆ ಅಕ್ಕಾ, ನೀನೂ ಕೂಸೂ ಮಲಗಿದ್ದ ಕೋಣೆಯ ಮೇಲೆ. ನೀನು ಮಾತ್ರ ವಾದ ಮಾಡಲಿಲ್ಲ. ಮಳೆ ಬಂದಾಗ ಕೊಡೆ ತಂದು, ಒಂದು ಮಾತೂ ಆಡದೆ ನನ್ನ ತಲೆಯ ಮೇಲೆ ಹಿಡಿದು ನಿಂತೆ. ಆಸ್ಪತ್ರೆಯ ಗಾಡಿ ಬಂದು ನನ್ನನ್ನು ಎತ್ತಿಕೊಂಡು ಹೋಗುವವರೆಗೂ ಹಿಡಿದೇ ಇದ್ದೆ. ಗೋಪುರ ಇನ್ನೂ ನಿಂತಿದೆ. ಯಾರೂ ಅದಕ್ಕೆ ನನ್ನ ಉಪಕಾರ ನೆನೆದಿಲ್ಲ, ಇರಲಿ.

ಅದಕ್ಕೇ ನಾನು ಮೇಷ್ಟ್ರನ್ನು ಕೀಲಿಕಂಡಿಯ ಮೂಲಕ ಕೇಳಿದೆ, “ಆ ಬಣ್ಣ ಏನ್ಮಾಡತ್ತೆ ಮೇಷ್ಟ್ರೇ? ಯಾರಿಗೆ ಮಾಡತ್ತೆ?” ಒಳಗಿನಿಂದ ಉತ್ತರ ಬಂತು. ತಪಸ್ಸುಕಾಲ ಬಂತೆಂದರೆ ಹಿಂದೆ ಈ ದೇಶದಲ್ಲಿ ನಾಟಕಗಳೆಲ್ಲ ಬಂದ್. ಪಾದ್ರಿಗಳು ನೇರಳೆ ಬಟ್ಟೆ ತೊಟ್ಟರೆ ನಟರ ಹೊಟ್ಟೆಗೆ ತಣ್ಣೀರು ಬಟ್ಟೆ. ಅವತ್ತಿನಿಂದ ಯಾವ ನಟನೂ ಆ ಬಣ್ಣ ತೊಡುವುದಿಲ್ಲ, ನಾಟಕ ನೋಡಲು ಬರುವ ಹೆಂಗಸರೂ ಅದನ್ನು ಉಟ್ಟು ಬರುವುದಿಲ್ಲ. ನಿನಗೆ ಇದು ಗೊತ್ತೇ ಇರಬೇಕು, ಭಾವನವರು ಒಪೆರಾ ತೋರಿಸಿದವರಲ್ಲವೆ. ನನಗೆ ಹೇಗೆ ಗೊತ್ತಾಗಬೇಕು? ನಾನು ಇಲ್ಲಿಗೆ ಬರುವ ಮುಂಚೆ ನೋಡಿದ್ದು ಕತ್ತೆ ಸರ್ಕಸ್ಸು ಒಂದೇ. ಮೇಷ್ಟ್ರ ತಂದೆ ಊರೂರು ತಿರುಗುವ ನಾಟಕದ ನಟರಂತೆ. ಒಂದು ಸಂಜೆ ಮುಂದಿನ ಸಾಲಿನಲ್ಲಿ ನೇರಳೆ ಲಂಗದ ಹೆಂಗಸು ಕೂತಿದ್ದಳು. ತಂದೆ ಅವಳನ್ನು ನೋಡಿದವರೇ ಮಾತು ಮರೆತರು. ಪಾತ್ರದ ಮಾತಷ್ಟೇ ಅಲ್ಲ, ಆಮೇಲೆ ಮನೆಯಲ್ಲೂ ಮಾತಾಡಲಿಲ್ಲ. ಹಾಗೇ ಒಂದು ಕುರ್ಚಿಯಲ್ಲಿ ಕೂತು ಕೊನೆಯುಸಿರೆಳೆದರು. “ಮನಸ್ಸಿನ ಕಾಯಿಲೆ ಹುಡುಕ್ತೀನಿ ಅಂತ ಊರೆಲ್ಲ ಸುತ್ತಿದ್ನಲ್ಲ ನಾನು, ನಮ್ಮನೇಲೇ ಇತ್ತು” ಎಂದು ಒಳಗೆ ಮೂಗು ಸೇದುವ ಸದ್ದು. ನೀವೆಸ್ ಕಣ್ಣೊರೆಸಿಕೊಂಡು, “ಸರಿಹೋಯ್ತು, ಪಾತ್ರ ಈಗ ಸಿಕ್ತು” ಎಂದಳು.

ಆಮೇಲಿನದು ಕೇಳು. ನಾನು “ಹೊರಗೆ ಬನ್ನಿ, ಕಣ್ಣು ಕಟ್ಟಿಕೊಂಡೇ ಬನ್ನಿ, ಕೈ ಹಿಡಿದು ಕರಕೊಂಡು ಹೋಗ್ತೀನಿ” ಎಂದೆ. ಒಳಗಿನಿಂದ, “ಯಾರದು?” “ನಾನೇ.” “ನಾನೇ ಅಂದ್ರೆ ಯಾರು?” “ನಾನೇ ಮೇಷ್ಟ್ರೇ, ಇಷ್ಟೊತ್ತು ಮಾತಾಡ್ತಿದ್ದವ್ನು!” “ಕೇಳ್ತಿಲ್ಲ. ಕೊನೇ ಸಾಲಿಗೆ ಕೇಳ್ತಿಲ್ಲ!” ನೋಡಿದೆಯಾ ಆ ಮನುಷ್ಯನನ್ನು! ತೊಟ್ಟಿಯಲ್ಲಿ ನಡುಗುತ್ತಾ ಕೂತವನು, ಕಣ್ಣಿಗೆ ಮಫ್ಲರು, ಆದರೂ ನಿರ್ದೇಶನ ಬಿಡಲಿಲ್ಲ! ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಎದ್ದು ನಿಂತು ಬಾಗಿಲಿಗೆ ಮುಷ್ಟಿಯಿಂದ ಗುದ್ದಿ, “ಎಲ್ವಿಯೊ ಬೆರ್ಗಾಮಿನಿ!” ಎಂದು ಕೂಗಿದೆ. ಕೂಗಿದ್ದಲ್ಲ, ಅಬ್ಬರಿಸಿದೆ. ಚಾವಣಿಯ ಪಾರಿವಾಳಗಳು ಎದ್ದವು. ಅಡುಗೆಮನೆಯಿಂದ ಸಿಸ್ಟರುಗಳು ಸೌಟು ಹಿಡಿದು ಓಡಿಬಂದರು. ಕಾಫಿ ಕುಡಿಯುತ್ತಿದ್ದ ಪಾದ್ರಿಗಳು ಅಂಗಿಯ ಮೇಲೆ ಚೆಲ್ಲಿಕೊಂಡರು. ಅಗಳಿ ಸರಿಯಿತು. ಮೇಷ್ಟ್ರು ಕಣ್ಣುಕಟ್ಟಿಕೊಂಡೇ ಹೊಸ್ತಿಲಲ್ಲಿ ನಿಂತು, ಮೂಗು ಕೆಂಪಗೆ ಮಾಡಿಕೊಂಡು, “ಅಜ್ಜಿಗೆ ಕೇಳಿಸ್ತು” ಎಂದರು. ಅಕ್ಕಾ, ಅವತ್ತು ನಾನು ಅತ್ತೆ. ನೀನು ಪಕ್ಕದಲ್ಲಿದ್ದಿದ್ದರೆ ಎಂದು ಅತ್ತೆ.

ಪರದೆಯನ್ನು ಬಟ್ಟೆ ಒಗೆಯುವ ಕೋಣೆಯ ದೊಡ್ಡ ಹಂಡೆಯಲ್ಲಿ ಕುದಿಸಿ ಕಪ್ಪು ಬಣ್ಣ ಹಾಕಿದೆವು. ಅದಕ್ಕೆ ಮುಂಚೆ ಒಂದು ನೇರಳೆ ತುಂಡನ್ನು ಮೇಷ್ಟ್ರೇ ಕೇಳಿ ತೆಗೆದುಕೊಂಡರು, ಅಂಗೈಯಷ್ಟು. ದಿನಾ ಬೆಳಿಗ್ಗೆ ಅದನ್ನು ಮಾತ್ರೆ ನುಂಗುವವರ ಹಾಗೆ ಮುಖ ಕಿವುಚಿಕೊಂಡು ನೋಡುತ್ತಾರೆ, ಬೀಗದ ಕೈ ಮುಟ್ಟುತ್ತಾರೆ, ಮಡಿಸಿ ಇಡುತ್ತಾರೆ. ನಾಟಕದಲ್ಲಿ ಈಗ ಅವರು ಕತ್ತು ಓರೆ ಮಾಡುವುದಿಲ್ಲ. ಕುರ್ಚಿಯಲ್ಲಿ ಕೂರುತ್ತಾರೆ, ತಂದೆಯ ಹಾಗೆ. ಕೈ ಅಲ್ಲಾಡುವುದಿಲ್ಲ. ನಾನು ಡಾಕ್ಟರಾಗಿ “ಮುಂದಿನವ್ರು ಬನ್ನಿ!” ಎನ್ನಬೇಕಾದಾಗ ಒಂದೊಂದು ಸಲ ಅವರ ಪಕ್ಕ ಹೋಗಿ ಕೂತುಬಿಡೋಣ ಎನ್ನಿಸುತ್ತದೆ. ಕೊನೆಯ ದೃಶ್ಯ ಮೇಷ್ಟ್ರು ಹೊಸದಾಗಿ ಸೇರಿಸಿದ್ದು. ನಾವೆಲ್ಲ ಕೋಟು, ಟೋಪಿ ಕಳಚಿಟ್ಟು, ಒಬ್ಬೊಬ್ಬರಾಗಿ ಮುಂದೆ ಬಂದು ನಮ್ಮ ನಿಜವಾದ ಹೆಸರು ಹೇಳುತ್ತೇವೆ. ಅಷ್ಟೇ. ಪರದೆ ಬೀಳುತ್ತದೆ.

ಅಂಥ ಹೊತ್ತಿಗೆ ಕಳೆದ ವಾರ ನಿನ್ನ ಪತ್ರ ಬಂತು, ರೊಸ್ಸಿ ಆಗು ಎಂದು. ನಿನ್ನ ಆಣೆಗೆ ಬೆಲೆ ಕೊಡದೆ ಇಲ್ಲ ಅಕ್ಕಾ, ಪ್ರಯತ್ನಪಟ್ಟೆ. ಮೇಷ್ಟ್ರಿಗೆ ಹೇಳಿದೆ, ನಾಳೆಯಿಂದ ನನ್ನನ್ನು ರೊಸ್ಸಿ ಎಂದು ಕರೆಯಿರಿ. ಏಕೆ ಎಂದು ಅವರು ಕೇಳಲಿಲ್ಲ. ಮರುದಿನ “ರೊಸ್ಸಿ, ಮುಂದೆ ಬಾ!” ಎಂದರು. ನಾನು ಅವನು ಯಾರೆಂದು ಹಿಂದೆ ತಿರುಗಿ ನೋಡಿದೆ. ಮತ್ತೆ ಕರೆದರು, ಮತ್ತೆ ನೋಡಿದೆ. ನೀವೆಸ್ ಹೆಣಿಗೆ ಬಿಸಾಡಿ ಎದ್ದು, “ಮೇಷ್ಟ್ರೇ, ದಮ್ಮಯ್ಯ, ಆ ಹೆಸರು ಕರೀಬೇಡಿ! ನನ್ನ ತಲೇಲಿ ಒಬ್ಬ ರೊಸ್ಸಿ ಇದಾನೆ, ಬಾಯಿ ಬಡುಕ, ಕರೆದ್ರೆ ಬಂದ್ಬಿಡ್ತಾನೆ. ಎಷ್ಟು ಕಷ್ಟಪಟ್ಟು ಮಲಗ್ಸಿದೀನಿ ನಂಗೊತ್ತು!” ಎಂದು ಗಲಾಟೆ ಮಾಡಿದಳು. ಅವತ್ತು ಅಭ್ಯಾಸ ಅಲ್ಲಿಗೇ ನಿಂತಿತು. ರೊಸ್ಸಿಯ ಕತೆಯೂ ಅಷ್ಟೇ. ಇನ್ನೂ ಬರೆಯುವುದಿತ್ತು, ಆದರೆ ಕೆಳಗೆ ಹೋಗುವ ವ್ಯಾನು ಹಾರ್ನ್ ಹೊಡೆಯುತ್ತಿದೆ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಲೊರೆದಾನಾಳ ಹಣೆಗೆ ನನ್ನ ಪರವಾಗಿ ಮುತ್ತು ಕೊಡು. ಅವಳ ಮದುವೆಗೆ ಮೇಜಿನ ಹಾಸು ಹೊಲಿಯುತ್ತಿದ್ದೇನೆ, ಬಿಳಿಯದು, ಹೆದರಬೇಡ. ನಿನ್ನ ಮಂಡಿ ಬೇಗ ವಾಸಿಯಾಗಲಿ, ನಿನ್ನ ಅಡುಗೆಮನೆ ಬೆಚ್ಚಗಿರಲಿ, ನನಗಿಂತ ಮುಂಚೆ ನೀನು ಮುದುಕಿಯಾಗದಿರಲಿ. ನಮಗೆ ಒಳ್ಳೆಯದಾಗಲಿ ಎಂದು ಮಾತ್ರ ಬರೆಯಬೇಡ, ಮೇಷ್ಟ್ರು ಮತ್ತೆ ತೊಟ್ಟಿಯಲ್ಲಿ ಕೂತಾರು. ‘ಲದ್ದಿ’ ಎಂದು ಒಂದು ಸಾಲು ಬರೆದರೆ ಸಾಕು.

ನಿನ್ನ ತಮ್ಮ,
ಎಲ್ವಿಯೊ

ತಾ.ಕ.: ಉತ್ತರ ಬರೆಯಲು ಮರೆತೆ. ಮರೆತದ್ದಲ್ಲ, ಕೈ ಬರುತ್ತಿರಲಿಲ್ಲ. ಪೋಸ್ಟರಿನಲ್ಲಿ ಎಲ್ವಿಯೊ ಬೆರ್ಗಾಮಿನಿ ಎಂದೇ ಇರುತ್ತದೆ. ಕೇಳಿದವರಿಗೆ ಊರಿನಲ್ಲಿ ಬೆರ್ಗಾಮಿನಿಗಳು ಬೇಕಾದಷ್ಟಿದ್ದಾರೆ ಎನ್ನು, ಅರ್ಜೆಂಟೀನಾದವನನ್ನು ನೀನೇ ಇಟ್ಟುಕೋ, ಅವನ ದನಗಳ ಮೇಲೆ ನನಗೂ ಅಕ್ಕರೆ ಬಂದುಬಿಟ್ಟಿದೆ. ಈ ಪತ್ರದ ಜೊತೆಗಿನ ಪೊಟ್ಟಣದಲ್ಲಿ ಒಂದು ನೇರಳೆ ಶಾಲು ಇದೆ, ಪರದೆಯನ್ನು ಹಂಡೆಗೆ ಹಾಕುವ ಮುಂಚೆ ಕತ್ತರಿಸಿಟ್ಟು ನಿನಗೆಂದು ಹೊಲಿದದ್ದು. ನಾಟಕದ ಶನಿವಾರ ಅದನ್ನು ಹೊದ್ದು ಬಂದು ಎಲ್ಲಾದರೂ ಕೂರು. ಮೇಷ್ಟ್ರನ್ನು ಕೇಳಿದೆ, ಮುಖ ಸುಣ್ಣವಾಯಿತು, ಬೀಗದ ಕೈ ಮುಟ್ಟಿದರು, ಆಮೇಲೆ “ಒಬ್ರಿಗೆ ಮಾತ್ರ” ಎಂದರು. ಇಡೀ ಇಟಲಿಯಲ್ಲಿ ನಾಟಕಕ್ಕೆ ಆ ಬಣ್ಣ ಹೊದ್ದು ಬರುವವಳು ಇನ್ನೊಬ್ಬಳಿಲ್ಲ, ವೇದಿಕೆಯಿಂದ ನನಗೆ ಗೊತ್ತಾಗುತ್ತದೆ. ಯಾರಿಗೂ ಏನೂ ಹೇಳಬೇಡ, ನನ್ನ ಹತ್ತಿರವೂ ಬರಬೇಡ, ಅವತ್ತು ಕೊಡೆ ಹಿಡಿದು ನಿಂತಿದ್ದೆಯಲ್ಲ, ಹಾಗೆ ಸುಮ್ಮನೆ ಇದ್ದರೆ ಸಾಕು. ಶಾಲು ಕಾಣದಿದ್ದರೆ ಕೊನೆಯ ದೃಶ್ಯದಲ್ಲಿ ನನ್ನ ಹೆಸರನ್ನು ಟೋಪಿ ಅಂಗಡಿಯವರೆಗೂ ಕೇಳುವಂತೆ ಕೂಗುತ್ತೇನೆ. ಕಂಡರೆ ಮೆಲ್ಲಗೆ ಹೇಳುತ್ತೇನೆ.